ಪಟ ಇಲ್ಲದ ಅವ್ವ ಮತ್ತು ಮಗ್ದಾ ನಾಖ್‌ಮನ್

ನಮ್ಮ ಅವ್ವನ ಪಟ ನಮ್ಮ ಮನೇಲಿಲ್ಲ. ಅವಳು ಸತ್ತದ್ದು 1983ರಲ್ಲಿ. ಆಗ ನಮ್ಮ ಕೇರಿಯ ಯಾವ ಮನೆಯಲ್ಲೂ ಹೆಂಗಸಿನ ಪಟ ಇರಲಿಲ್ಲ. ಪಟ ತೆಗೆಸಬೇಕಂದ್ರೆ ಅರಕಲಗೂಡಿಗೋ ಹೊಳೆನರಸೀಪುರಕ್ಕೋ ಹೋಗಬೇಕು, ಹರಿಯದ ಒಂದು ಸೀರೆ ಬೇಕು, ಒಂದು ದಿನದ ಕೂಲಿ ಕಳೀಬೇಕು. ಹೊಗೆಸೊಪ್ಪಿನ ಹೊಲದಲ್ಲೂ ಆಲೂಗೆಡ್ಡೆ ಹೊಲದಲ್ಲೂ ಬಗ್ಗಿ ದುಡಿದ ಹೆಂಗಸಿಗೆ ಈ ಮೂರೂ ಒಂದೇ ದಿನ ಕೂಡಿಬರಲಿಲ್ಲ. ರೇಷನ್ ಕಾರ್ಡಿಗೆ ಹೆಸರು ಸಾಕಿತ್ತು, ಮುಖ ಬೇಕಿರಲಿಲ್ಲ. ಫೋಟೋ ಇರುವ ಮತದಾರರ ಚೀಟಿಯ ಮಾತು ಬಂದದ್ದು 1993ರಲ್ಲಿ. ಅಷ್ಟೊತ್ತಿಗೆ ಅವ್ವ ಮಣ್ಣಾಗಿ ಹತ್ತು ವರ್ಷವಾಗಿತ್ತು. ಸರ್ಕಾರಕ್ಕೂ ಅವಳ ಮುಖ ಗೊತ್ತಿಲ್ಲ, ನಮ್ಮ ಮಕ್ಕಳಿಗೂ ಗೊತ್ತಿಲ್ಲ.

ಇದನ್ನ ಯಾಕೆ ಹೇಳ್ತಾ ಇದೀವಿ ಅಂದ್ರೆ, ನಮ್ಮ ಅಣ್ಣ ಚಿತ್ರ ಬರೆಯುವವನಾಗಿದ್ದ. ಚಿತ್ರ ಬರೆಯುವವನ ಮನೆಯಲ್ಲೇ ಅವ್ವನ ಚಿತ್ರವಿಲ್ಲ.

ಅಣ್ಣ ಯಾವ ಶಾಲೆಯಲ್ಲೂ ಚಿತ್ರ ಕಲಿತವನಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹೊಳೆನರಸೀಪುರದ ಬೋರ್ಡು ಬರೆಯುವ ಒಬ್ಬರ ಹತ್ತಿರ ಡಬ್ಬ ತೊಳೆಯೋಕೆ ಸೇರಿದ. ಎರಡು ವರ್ಷ ತೊಳೆದ. ಮೂರನೇ ವರ್ಷ ಗೆರೆ ಎಳೆಯೋಕೆ ಬಿಟ್ಟರು. ಆಮೇಲೆ ಅವನ ಕೈ ನಿಲ್ಲಲಿಲ್ಲ. ಬಟ್ಟೆ ಅಂಗಡಿ ಬೋರ್ಡು, ಗೊಬ್ಬರದಂಗಡಿ ಬೋರ್ಡು, ಎಲೆಕ್ಷನ್ ಬಂದ್ರೆ ಎಲ್ಲಾ ಪಾರ್ಟಿಯ ಗುರುತು, ಹಳ್ಳಿ ಕಡೆ ಕುರುಕ್ಷೇತ್ರ ನಾಟಕ ಆಡಿದ್ರೆ ಅರಮನೆ ಪರದೆ, ಕಾಡಿನ ಪರದೆ. ನಾವು ಮೂರು ಜನ ತಮ್ಮಂದಿರು ಅವನ ಬೆನ್ನ ಹಿಂದೆ ಬಣ್ಣದ ಡಬ್ಬ ಹೊತ್ತು ತಿರುಗಿದವರು. ಈ ಬರಹದಲ್ಲಿ ನಾವು ಅಂದ್ರೆ ಆ ಮೂವರು.

1970ರ ದಶಕದ ನಡುವೆ ದಲಿತ ಸಂಘರ್ಷ ಸಮಿತಿ ಹುಟ್ಟಿ, ಅದರ ಸೊಲ್ಲು ನಮ್ಮ ಕಡೆಗೂ ಬಂತು. ಹಾಡು ಬಂತು, ಕರಪತ್ರ ಬಂತು, ರಾತ್ರಿ ಮೀಟಿಂಗು ಬಂತು. ಆಗ ಅಣ್ಣನಿಗೆ ಹೊಸ ಕೆಲಸ ಬಂತು. ಬಾಬಾಸಾಹೇಬರ ಚಿತ್ರ. ಹಾಸನ ಸೀಮೆಯ ಕೇರಿ ಕೇರಿಗೂ ಹೋಗಿ ಗೋಡೆ ಮೇಲೆ ಬರೆದ. ನೀಲಿ ಕೋಟು, ಕನ್ನಡಕ, ಎತ್ತಿದ ಬೆರಳು. ಇದಕ್ಕೆ ಕೂಲಿ ಇಲ್ಲ. ಯಾರೋ ಬಣ್ಣದ ದುಡ್ಡು ಕೊಡ್ತಿದ್ರು, ಯಾರೋ ಮುದ್ದೆ ಸಾರು ಕೊಡ್ತಿದ್ರು, ಅಷ್ಟೆ.

ನಮ್ಮ ಕೇರಿಯ ಗೋಡೆಗೆ ಅವನು ಬರೆದದ್ದು 1979ರಲ್ಲಿ. ಮೂರನೇ ದಿನ ಬೆಳಗಾಗುವಷ್ಟರಲ್ಲಿ ಆ ಮುಖಕ್ಕೆ ಸಗಣಿ ಬಿದ್ದಿತ್ತು. ಯಾರು ಹಾಕಿದ್ರು ಅಂತ ಊರಿಗೆಲ್ಲ ಗೊತ್ತು. ದೂರು ಬರೆದುಕೊಂಡವರು ಯಾರೋ ಕಿಡಿಗೇಡಿಗಳು ಅಂತ ಬರಕೊಂಡರು. ಕೇರಿಯ ಗಂಡಸರು ದೊಣ್ಣೆ ಹುಡುಕ್ತಾ ಇದ್ರು. ಅಷ್ಟರಲ್ಲಿ ಅವ್ವ ಒಂದು ಕೊಡ ನೀರು ತಂದಳು. ಯಾರ ಜೊತೆಗೂ ಮಾತಾಡಲಿಲ್ಲ. ಸೆರಗಿನ ತುದಿ ನೆನೆಸಿಕೊಂಡು ಆ ಮುಖ ತೊಳೆದಳು. ಕೂಸಿಗೆ ಮುಖ ತೊಳೆಯುವಾಗ ಕಣ್ಣಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡೀತಾರಲ್ಲ, ಹಾಗೆ ಕೈ ಅಡ್ಡ ಹಿಡಿದಿದ್ದಳು.

ಅವತ್ತು ರಾತ್ರಿ ಉಣ್ಣುವಾಗ ಅವ್ವ ಕೇಳಿದಳು, “ನನ್ ಮಖಾನೂ ಬರೀತೀಯೇನ್ಲಾ ಒಂದಪ?”

ಅಣ್ಣ ನಕ್ಕ. “ಬುಡವ್ವ, ನಿನ್ ಮಖ ಎಲ್ಲೋಯ್ತದೆ? ನಾಳೆ ಬರುದ್ರಾಯ್ತು.”

ಆ ನಾಳೆ ಬರಲಿಲ್ಲ. ನಾಲ್ಕು ವರ್ಷಕ್ಕೆ ಅವ್ವ ಹೋದಳು. ಹದಿನೈದನೇ ದಿನ ಅಣ್ಣ ಒಲೆಯ ಇದ್ದಲು ತಗೊಂಡು ನಡುಮನೆ ಗೋಡೆ ಮೇಲೆ ನೆನಪಿನಿಂದ ಅವಳ ಮುಖ ಬರೆದ. ಮೂಗು ಬಂತು, ಹಣೆ ಬಂತು. ಕಣ್ಣು ಬರಲಿಲ್ಲ. ಅಳಿಸಿ ಬರೆದ, ಅಳಿಸಿ ಬರೆದ. ಎಷ್ಟು ಸಲ ಬರೆದರೂ ಅವನ ಕೈಗೆ ರೂಢಿಯಾದ ಬಾಬಾಸಾಹೇಬರ ಕಣ್ಣೇ ಬರುತಿತ್ತು. ಕಡೆಗೆ ಕಣ್ಣು ಅರ್ಧ ಮಾಡಿ ಬಿಟ್ಟ. ಮಾರನೇ ವರ್ಷ ಉಗಾದಿಗೆ ಮನೆಗೆ ಸುಣ್ಣ ಬಳಿಯಬೇಕಾಯ್ತು. ಅಣ್ಣ ಹಾಸನಕ್ಕೆ ಬೋರ್ಡು ಬರೆಯೋಕೆ ಹೋಗಿದ್ದ. ಆ ಗೋಡೆಗೆ ಸುಣ್ಣ ಬಳಿದವರು ನಾವೇ. ಮಸಿ ಗೋಡೆ, ಹಬ್ಬ, ನೆಂಟರು ಬರ್ತಾರೆ, ಇಷ್ಟೇ ನಮ್ಮ ತಲೇಲಿದ್ದದ್ದು. ಅಣ್ಣ ಬಂದು ನೋಡಿದ. ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದು ಇವತ್ತಿಗೂ ನಮ್ಮನ್ನ ತಿಂತಾ ಇದೆ.

ಈಗ ಇನ್ನೊಬ್ಬಳ ಕತೆ ಹೇಳ್ತೀವಿ. ಅವಳಿಗೂ ನಮಗೂ ಏನು ಸಂಬಂಧ ಅಂತ ಮೊದಲು ನಾವೂ ಕೇಳಿಕೊಂಡೆವು.

ಬೆಂಗಳೂರಿನ ಗೆಳೆಯನೊಬ್ಬ ಒಂದು ಇಂಗ್ಲಿಷ್ ಪುಸ್ತಕ ತೋರಿಸಿದ. ಮಗ್ದಾ ನಾಖ್‌ಮನ್ ಅನ್ನುವ ಚಿತ್ರಗಾರ್ತಿಯ ಜೀವನಚರಿತ್ರೆ. ಲೀನಾ ಬರ್ನ್‌ಸ್ಟೀನ್ ಅನ್ನುವವರು ಬರೆದದ್ದು, 2020ರಲ್ಲಿ ಅಚ್ಚಾದದ್ದು. ಅವನು ಓದಿ ಓದಿ ಕನ್ನಡದಲ್ಲಿ ಹೇಳಿದ, ನಾವು ಕೇಳಿದೆವು.

ಮಗ್ದಾ ಹುಟ್ಟಿದ್ದು 1889ರಲ್ಲಿ, ರಷ್ಯಾದ ರಾಜಧಾನಿ ಪೀಟರ್ಸ್‌ಬರ್ಗಿನ ಕಡೆ. ಅಪ್ಪ ಯೆಹೂದಿ. ಅವ್ವ ಜರ್ಮನ್ ಮಾತಿನ ಲುಥೆರನ್ ಕ್ರೈಸ್ತಳು. ಮಗೂಗೆ ಅವ್ವನ ಇಗರ್ಜಿಯಲ್ಲೇ ದೀಕ್ಷಾಸ್ನಾನ ಆಯ್ತು. ಆ ಕಾಲದ ರಷ್ಯಾದಲ್ಲಿ ಯೆಹೂದಿಗಳು ಎಲ್ಲಿ ಬೇಕಾದರೂ ಮನೆ ಮಾಡುವ ಹಾಗಿರಲಿಲ್ಲ. 1791ರಲ್ಲಿ ಕ್ಯಾಥರೀನ್ ಮಹಾರಾಣಿಯ ಕಾಲದಲ್ಲಿ ಅವರಿಗೆ ಅಂತ ದೇಶದ ಪಡುವಣ ಅಂಚಿನಲ್ಲಿ ಒಂದು ಸೀಮೆ ಗೊತ್ತುಮಾಡಿದ್ದರು. ಆ ಗೆರೆ ದಾಟಿ ರಾಜಧಾನಿಯಲ್ಲಿ ಇರಬೇಕಂದ್ರೆ ಅಪ್ಪಣೆ ಚೀಟಿ ಬೇಕು. 1917ರಲ್ಲಿ ಝಾರ್ ದೊರೆ ಬಿದ್ದ ಮೇಲೇ ಆ ಗೆರೆ ಅಳಿಸಿದ್ದು. ಗೆಳೆಯ ಇದನ್ನ ಹೇಳುವಾಗ ನಾವು ಅವನನ್ನ ತಡೆದು ಕೇಳಿದೆವು, ಅಂದ್ರೆ ಕೇರಿ ಅನ್ನಪ್ಪ? ಹೂಂ, ಒಂದು ದೊಡ್ಡ ಕೇರಿ ಅಂದ.

ಮಗ್ದಾ ಚಿತ್ರ ಕಲಿತದ್ದು ಆ ರಾಜಧಾನಿಯ ಜ್ವಾಂತ್ಸೇವಾ ಚಿತ್ರಶಾಲೆಯಲ್ಲಿ. ಅಲ್ಲಿ ಮುಖ್ಯ ಮೇಷ್ಟ್ರು ಲಿಯೋನ್ ಬಾಕ್ಸ್ಟ್. ಅವನೂ ಯೆಹೂದಿ. ಯುರೋಪಿಗೆಲ್ಲಾ ಹೆಸರಾದ ನಾಟಕದ ಉಡುಪು, ಪರದೆ ಬರೆದವನು. ಅದೇ ಶಾಲೆಯಲ್ಲಿ ಆಗ ಕಲೀತಿದ್ದ ಇನ್ನೊಬ್ಬ ಹುಡುಗ ಮಾರ್ಕ್ ಶಗಾಲ್. ಮುಂದೆ ಲೋಕಕ್ಕೇ ದೊಡ್ಡ ಹೆಸರಾದ ಶಗಾಲ್ ಆಗ ವಿತೆಬ್ಸ್ಕ್ ಅನ್ನುವ ಊರಿನಿಂದ ಬಂದ ಬಡ ಯೆಹೂದಿ ಹುಡುಗ. ರಾಜಧಾನಿಯಲ್ಲಿ ಕಾಲಿಡೋಕೂ ಅವನಿಗೆ ಅಪ್ಪಣೆ ಚೀಟಿ ಬೇಕಿತ್ತು. ಡಬ್ಬ ತೊಳೆಯೋಕೆ ಹೊಳೆನರಸೀಪುರಕ್ಕೆ ಹೋದ ನಮ್ಮ ಅಣ್ಣ ಮೊದಮೊದಲು ಅಂಗಡಿಯ ಜಗುಲಿ ಕೆಳಗೇ ಕೂತು ಊಟ ಮಾಡುತ್ತಿದ್ದ. ಚೀಟಿ ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ಎಲ್ಲಿ ಕೂರಬೇಕು ಅಂತ ಅವನಿಗೆ ಗೊತ್ತಿತ್ತು.

1913ರಲ್ಲಿ ಮಗ್ದಾ ಕಪ್ಪು ಸಮುದ್ರದ ದಂಡೆಯ ಕೊಕ್ತೆಬೆಲ್ ಅನ್ನುವ ಊರಲ್ಲಿ ಕವಿ ಮರೀನಾ ತ್ಸ್ವೆತಾಯೆವಾಳ ಚಿತ್ರ ಬರೆದಳು. ಆಗ ಇಬ್ಬರೂ ಹರೆಯದವರು. ಆ ಕವಿ ಮುಂದೆ ರಷ್ಯನ್ ಭಾಷೆಯ ದೊಡ್ಡ ಕವಿಗಳಲ್ಲಿ ಒಬ್ಬಳಾದಳು, 1941ರಲ್ಲಿ ಬಡತನದಲ್ಲಿ ನೊಂದು ನೇಣು ಹಾಕಿಕೊಂಡಳು. ಮಗ್ದಾ ಬರೆದ ಆ ಮುಖ ಉಳಿದಿದೆ. ಆದರೆ ರಷ್ಯಾದಲ್ಲಿದ್ದಾಗ ಮಗ್ದಾ ಬರೆದ ಬಹುಪಾಲು ಚಿತ್ರಗಳು ಕಳೆದುಹೋದವು.

ಕ್ರಾಂತಿ ಬಂತು, ಹಿಂದೆಯೇ ಅಂತರ್ಯುದ್ಧ, ಹಸಿವು ಬಂತು. ಆ ಹೊತ್ತಿನಲ್ಲಿ ಮಗ್ದಾ ರಾಜಧಾನಿ ಬಿಟ್ಟು ಹಳ್ಳಿಗೆ ಹೋದಳು. ಅಲ್ಲಿ ರೈತಾಪಿ ಜನ ಆಡುವ ನಾಟಕಗಳಿಗೆ ರಂಗಸಜ್ಜಿಕೆ ಮಾಡಿದಳು, ಪರದೆ ಬರೆದಳು. ಈ ಮಾತು ಬಂದಾಗ ನಮಗೆ ಅವಳು ಪಕ್ಕದ ಬೀದಿಯವಳಾಗಿಬಿಟ್ಟಳು. ಕುರುಕ್ಷೇತ್ರಕ್ಕೆ ಅಣ್ಣ ಬರೀತಿದ್ದ ಅರಮನೆ ಪರದೆಯಲ್ಲಿ ಕಂಬ ಒಂದಿಷ್ಟು ವಾಲಿಕೊಂಡೇ ಇರುತಿತ್ತು. ದುರ್ಯೋಧನನ ಅರಮನೆ ಬೀಳೋದೇ ಅಲ್ವೇನ್ಲಾ, ಈಗ್ಲೇ ವಾಲ್ಲಿ ಅನ್ನೋನು.

ಇನ್ನು ಅವಳು ಇಂಡಿಯಾಕ್ಕೆ ಬಂದದ್ದು ಹೇಗೆ? ಇಲ್ಲೇ ನಮ್ಮ ಸೀಮೆ ಬರೋದು. ಅವಳು ಮಾಸ್ಕೋದಲ್ಲಿ ಮದುವೆಯಾದದ್ದು ಎಂ.ಪಿ.ಟಿ. ಆಚಾರ್ಯ ಅನ್ನುವವರನ್ನ. ಪೂರ್ತಿ ಹೆಸರು ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯ. ಹುಟ್ಟಿದ್ದು 1887ರಲ್ಲಿ ಮದ್ರಾಸಿನಲ್ಲಾದರೂ ಮನೆತನ ಮೈಸೂರು ಸೀಮೆಯದು. ಮಂಡಯಂ ಅಯ್ಯಂಗಾರ್ ಅಂದ್ರೆ ಮಂಡ್ಯ, ಮೇಲುಕೋಟೆಯ ನಂಟಿನವರು. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಮೇಲೆ ಹಾದು ವೈರಮುಡಿಗೆ ಗಾಡಿ ಕಟ್ಟಿಕೊಂಡು ಹೋಗ್ತಿದ್ದ ಊರು ಮೇಲುಕೋಟೆ. ಚೆಲುವನಾರಾಯಣನ ಮೂರ್ತಿಯನ್ನ ಡಿಲ್ಲಿಯಿಂದ ತರುವಾಗ ರಾಮಾನುಜರಿಗೆ ನಮ್ಮವರು ನೆರವಾದರು, ಅದಕ್ಕೆ ಅವರು ನಮ್ಮವರನ್ನ ತಿರುಕುಲದವರು ಅಂತ ಕರೆದು, ವರ್ಷಕ್ಕೆ ಮೂರು ದಿನ ಗುಡಿಯೊಳಕ್ಕೆ ಬಿಟ್ಟರು ಅಂತ ಕತೆ ಹೇಳ್ತಾರೆ. ಆ ಕತೆ ಕೇಳಿದಾಗಲೆಲ್ಲ ಅವ್ವ ಕೇಳೋಳು, “ಮಿಕ್ಕ ಮುನ್ನೂರರವತ್ತೆರಡು ದಿನ?”

ಈ ಆಚಾರ್ಯರು ಸುಮ್ಮನೆ ಕೂತವರಲ್ಲ. ಹುಡುಗ ವಯಸ್ಸಲ್ಲೇ ಸುಬ್ರಹ್ಮಣ್ಯ ಭಾರತಿಯ ಜೊತೆ ‘ಇಂಡಿಯಾ’ ಪತ್ರಿಕೆಯ ಕೆಲಸ ಮಾಡಿದವರು. ಬ್ರಿಟಿಷರು ಬೆನ್ನು ಹತ್ತಿದಾಗ ದೇಶ ಬಿಟ್ಟವರು. ಲಂಡನ್, ಬರ್ಲಿನ್, ಸ್ಟಾಕ್‌ಹೋಮ್, ಮಾಸ್ಕೋ, ಕಾಬೂಲ್, ಎಲ್ಲೆಲ್ಲೋ ಅಲೆದವರು. 1920ರ ಅಕ್ಟೋಬರಿನಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಆಮೇಲೆ ಅಲ್ಲೂ ಜಗಳವಾಡಿ ಹೊರಗೆ ಬಂದು, ಯಾವ ಸರ್ಕಾರವೂ ಬೇಡ ಅನ್ನುವ ಅರಾಜಕತಾವಾದಿಯಾದರು. 1922ರಲ್ಲಿ ಗಂಡ ಹೆಂಡತಿ ಬರ್ಲಿನ್ನಿಗೆ ಬಂದರು. ಅಲ್ಲಿ ಹನ್ನೆರಡು ವರ್ಷದ ಬಡತನ. ಮಗ್ದಾ ಚಿತ್ರ ಬರೆದಳು, ಆಚಾರ್ಯರು ಸಿಕ್ಕ ಸಿಕ್ಕ ಪತ್ರಿಕೆಗೆ ಬರೆದರು. ರಷ್ಯಾದಿಂದ ಓಡಿಬಂದ ಬರಹಗಾರರೆಲ್ಲ ಆಗ ಅಲ್ಲಿದ್ದರು. 1933ರಲ್ಲಿ ಮಗ್ದಾ ಅವರಲ್ಲಿ ಒಬ್ಬನಾದ ನಬೊಕೊವ್ ಎಂಬ ಕಾದಂಬರಿಕಾರನ ಚಿತ್ರ ಬರೆದಳು.

ಅದೇ 1933ರ ಜನವರಿಯಲ್ಲಿ ಹಿಟ್ಲರ್ ಗದ್ದುಗೆಗೆ ಬಂದ. 1935ರಲ್ಲಿ ನ್ಯೂರೆಂಬರ್ಗ್ ಕಾನೂನು ಬಂತು. ಆ ಕಾನೂನಿಗೆ ನೀನು ಯಾವ ದೇವರಿಗೆ ಕೈ ಮುಗೀತೀಯ ಅನ್ನೋದು ಬೇಕಿರಲಿಲ್ಲ, ನಿನ್ನ ಅಜ್ಜ ಅಜ್ಜಿ ಯಾರು ಅನ್ನೋದು ಬೇಕಿತ್ತು. ಮೂರು ಜನ ಅಜ್ಜ ಅಜ್ಜಿಯರು ಯೆಹೂದಿಗಳಾದರೆ ನೀನು ಯೆಹೂದಿ, ಇಬ್ಬರಾದರೆ ನೀನು ಬೆರಕೆ. ಲುಥೆರನ್ ಇಗರ್ಜಿಯ ನೀರು ತಲೆ ಮೇಲೆ ಬಿದ್ದರೂ ಮಗ್ದಾಳ ರಕ್ತದ ಲೆಕ್ಕ ಬಿಟ್ಟುಹೋಗಲಿಲ್ಲ. ನಮಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಇಗರ್ಜಿಗೆ ಹೋದವರಿಗೂ ಸ್ಮಶಾನದಲ್ಲಿ ಬೇರೆ ಮೂಲೆಯೇ ಸಿಕ್ಕಿದ್ದನ್ನ ಕಂಡಿದ್ದೇವೆ. ನಾಜಿಗಳು ಯೆಹೂದಿಗಳ ಮೇಲೆ ಕಾರಿದ ದ್ವೇಷವನ್ನೂ ಸನಾತನಿಗಳು ಅಸ್ಪೃಶ್ಯರ ಮೇಲೆ ಕಾರಿದ ದ್ವೇಷವನ್ನೂ ಬಾಬಾಸಾಹೇಬರು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ್ದರು. ಈಜಿಪ್ಟಿನ ಜೀತದಿಂದ ಯೆಹೂದಿಗಳನ್ನ ಬಿಡಿಸಿ ತಂದ ಮೋಸೆಸನ ಬಗ್ಗೆ ಬರೆದಿದ್ದರು. ಅವರು ಅಷ್ಟು ದೂರದವರ ಕತೆ ಯಾಕೆ ಓದಿದರು ಅನ್ನೋದು ಈಗ ನಮಗೆ ತಿಳೀತಾ ಇದೆ.

1934ರಲ್ಲಿ ಗಂಡ ಹೆಂಡತಿ ಬರ್ಲಿನ್ ಬಿಟ್ಟರು. ಮಗ್ದಾ ಬೊಂಬಾಯಿಗೆ ಬಂದದ್ದು 1936ರಲ್ಲಿ. ಆಗ ಅವಳಿಗೆ ನಲವತ್ತೇಳು. ಒಂದು ದೇಶ ಕಳಕೊಂಡು, ಎರಡನೇ ದೇಶ ಕಳಕೊಂಡು, ಮೂರನೇ ದೇಶದಲ್ಲಿ ಕುಂಚ ಹಿಡಿದಳು.

ಆ ಹೊತ್ತಿನ ಬೊಂಬಾಯಿಗೆ ಹಿಟ್ಲರನ ಕಾಟ ತಾಳದೆ ಬಂದ ಇನ್ನೂ ಕೆಲವರಿದ್ದರು. ವಿಯೆನ್ನಾದಿಂದ ಯೆಹೂದಿ ಹೆಂಡತಿಯ ಜೊತೆ ಬಂದ ವಾಲ್ಟರ್ ಲಾಂಗ್‌ಹ್ಯಾಮರ್, ಚಿತ್ರಗಳನ್ನ ಕೊಂಡು ಹುಡುಗ ಕಲಾವಿದರ ಹೊಟ್ಟೆ ತಣ್ಣಗಿಟ್ಟ ಇಮ್ಯಾನುಯೆಲ್ ಶ್ಲೆಸಿಂಜರ್, ಪತ್ರಿಕೆಗಳಲ್ಲಿ ಕಲೆಯ ವಿಮರ್ಶೆ ಬರೆದ ರೂಡಿ ಫಾನ್ ಲೈಡನ್. ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರರು ಬೊಂಬಾಯಿಯಲ್ಲಿ ಬೆಳೆದದ್ದು ಇವರ ನಡುವೆಯೇ. ಮನೆಗೆಲಸದ ಹುಡುಗನಾಗಿದ್ದ ಕೆ.ಎಚ್. ಆರಾನ ಕೈ ಗುರುತಿಸಿ ಬೆನ್ನಿಗೆ ನಿಂತವನು ಈ ಲೈಡನ್. ಆರಾ 1947ರಲ್ಲಿ ಸೌಜಾ, ರಜಾ, ಹುಸೇನರ ಜೊತೆ ಪ್ರಗತಿಪರ ಕಲಾವಿದರ ಗುಂಪಿನಲ್ಲಿ ನಿಂತ. ಇದೇ ಲೈಡನ್ ಮುಂದೆ ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನ ಹುಡುಕಿ ಕೂಡಿಸಿ 1973ರಲ್ಲಿ ಪುಸ್ತಕವನ್ನೇ ಬರೆದ. ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಆಡುತ್ತಿದ್ದ ಎಲೆಯ ಬೆಲೆ ದೂರದಿಂದ ಬಂದವನಿಗೆ ಕಂಡಿತು. ಆ ಎಲೆಗೆ ಬಣ್ಣ ಅರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಮಗ್ದಾ ಬೊಂಬಾಯಿಯಲ್ಲಿ ಹೊಟ್ಟೆಪಾಡಿಗೆ ಉಳ್ಳವರ ಭಾವಚಿತ್ರ ಬರೆದಳು. ಪುಸ್ತಕಕ್ಕೆ ಚಿತ್ರ ಬರೆದಳು. ತನ್ನ ಹಾಗೇ ವಿಯೆನ್ನಾ ಬಿಟ್ಟು ಓಡಿಬಂದಿದ್ದ ಹಿಲ್ಡೆ ಹೋಲ್ಗರ್ ಎಂಬ ಯೆಹೂದಿ ನರ್ತಕಿಯ ಕುಣಿತಕ್ಕೆ ಉಡುಪು ಕಟ್ಟಿಕೊಟ್ಟಳು. ಮಿಕ್ಕ ಹೊತ್ತಿನಲ್ಲಿ ಅವಳ ಕಣ್ಣು ಹೋದದ್ದು ಬೀದಿಯ ಕಡೆಗೆ. ಬಡವರು, ಕೂಲಿಯವರು, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸರು. ಪುಸ್ತಕದಲ್ಲಿ ಅಚ್ಚಾದ ಚಿತ್ರಗಳನ್ನ ನಾವು ಬಹಳ ಹೊತ್ತು ನೋಡಿದೆವು.

ನೋಡುತ್ತ ನೋಡುತ್ತ ನಮ್ಮೊಳಗೆ ಜಗಳ ಹತ್ತಿತು. ಇದನ್ನ ಮುಚ್ಚಿಡೋದಿಲ್ಲ. ನಮ್ಮಲ್ಲಿ ಒಬ್ಬ ಅಂದ, ಇದೂ ಒಂದು ತಮಾಷೆ, ಬಡವರ ಮುಖ ಬರೆದು ಸಾಹುಕಾರರ ಗೋಡೆಗೆ ತೂಗುಹಾಕೋದು. ನಮ್ಮ ಹರಕು ಸೀರೆ ಅವರಿಗೆ ಬಣ್ಣ, ನಮ್ಮ ಹಸಿವು ಅವರಿಗೆ ನೆರಳು ಬೆಳಕು. ಇನ್ನೊಬ್ಬ ಅಂದ, ಹಂಗಾದ್ರೆ ಯಾರೂ ಬರೀಬಾರದಾ? ಆವತ್ತು ಬೊಂಬಾಯಲ್ಲಿ ನಮ್ಮವ್ವನ ವಯಸ್ಸಿನ ಎಷ್ಟು ಲಕ್ಷ ಹೆಂಗಸರಿದ್ರೋ, ಅವರಲ್ಲಿ ಒಬ್ಬಳ ಮುಖ ಉಳಿದಿದ್ದರೆ ಇವಳ ಕೈಯಿಂದ ಉಳೀತು. ನಮ್ಮ ಕೈಯಿಂದ ಏನು ಉಳೀತು? ಸುಣ್ಣ ಬಳಿದ್ವಿ.

ಎರಡೂ ಮಾತು ನಿಜ. ಮೂರನೆಯವನು ನಡುವೆ ಒಂದು ಮಾತು ಹೇಳಿದ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಹೊಯ್ಸಳರ ಗುಡಿ ಇದೆ. ಅಲ್ಲಿ ಮೂರ್ತಿಗಳ ಕೆಳಗೆ ಕೆತ್ತಿದವರ ಹೆಸರಿದೆ. ಮಲ್ಲಿತಮ್ಮ, ಬೈಚೋಜ. ನೋಡೋಕೆ ಹೋದವರಿಗೆಲ್ಲ ಗೈಡುಗಳು ಆ ಹೆಸರು ತೋರಿಸ್ತಾರೆ. ಆ ಕಲ್ಲನ್ನ ಗಣಿಯಿಂದ ಎಳೆದು ತಂದವರ ಹೆಸರು ಎಲ್ಲೂ ಇಲ್ಲ. ಮಗ್ದಾಳ ಕಾಲದ ಬೊಂಬಾಯಲ್ಲೂ ಹಾಗೇ. ಚಿತ್ರದ ಮೂಲೆಯಲ್ಲಿ ಬರೆದವರ ಸಹಿ ಇರುತ್ತೆ. ಉಳ್ಳವರ ಚಿತ್ರವಾದರೆ ಕೂತವರ ಹೆಸರೂ ಇರುತ್ತೆ. ಬಡ ಹೆಂಗಸಾದರೆ ‘ಕೂಲಿ ಹೆಂಗಸು’, ‘ತಾಯಿ ಮತ್ತು ಮಗು’, ಇಷ್ಟೇ. ಮುಖ ಕೊಟ್ಟರೂ ಹೆಸರು ಕೊಡದೇ ಹೋದರೆ ಅರ್ಧ ಕೊಟ್ಟ ಹಾಗೆ ಅಂತ ನಮ್ಮ ಜಗಳ ಅಲ್ಲಿಗೆ ನಿಂತಿತು.

ಆದರೆ ಮಗ್ದಾ ಮೇಲೆ ನಮಗೆ ಸಿಟ್ಟು ಉಳಿಯಲಿಲ್ಲ. ಅವಳ ಕೊನೆ ಕೇಳಿದ ಮೇಲೆ ಉಳಿಯುವುದು ಸಾಧ್ಯವೂ ಇರಲಿಲ್ಲ. 1951ರ ಫೆಬ್ರವರಿ 12. ಬೊಂಬಾಯಿಯ ಫಾರಿನ್ ಲ್ಯಾಂಗ್ವೇಜಸ್ ಸಂಸ್ಥೆಯಲ್ಲಿ ಅವಳ ಚಿತ್ರಗಳ ಪ್ರದರ್ಶನ ಅವತ್ತು ಶುರುವಾಗಬೇಕಿತ್ತು. ಶುರುವಾಗೋಕೆ ಕೆಲವೇ ಗಂಟೆ ಇರುವಾಗ ಅವಳು ತೀರಿಕೊಂಡಳು. ಗೋಡೆ ಮೇಲೆ ಅವಳು ಬರೆದ ಮುಖಗಳೆಲ್ಲ ಇದ್ದವು, ಬರೆದವಳು ಇರಲಿಲ್ಲ. ಗಂಡ ಆಚಾರ್ಯರು ಆಮೇಲೆ ಮೂರು ವರ್ಷ ಬದುಕಿದ್ದರು. ಕ್ಷಯ, ಬಡತನ, ಜೊತೆಗೆ ಹೆಂಡತಿಯ ಚಿತ್ರಗಳ ರಾಶಿ. ದೇಶಕ್ಕಾಗಿ ಅರ್ಧ ಲೋಕ ಸುತ್ತಿದ ಮನುಷ್ಯ, ಸ್ವತಂತ್ರ ಭಾರತದ ದೊಡ್ಡ ಪಟ್ಟಣದಲ್ಲಿ ಯಾರಿಗೂ ಬೇಡವಾಗಿ 1954ರಲ್ಲಿ ಸತ್ತರು. ಮೇಲುಕೋಟೆಯ ನಂಟಿನವರಾದರೂ, ಜಾತಿ ಬಿಟ್ಟು ದೇಶ ಬಿಟ್ಟು ಸರ್ಕಾರವನ್ನೇ ಬಿಟ್ಟವರಿಗೆ ನಮ್ಮ ದೇಶದಲ್ಲಿ ಮೂರು ದಿನದ ಪ್ರವೇಶವೂ ಸಿಕ್ಕುವುದಿಲ್ಲ. ಮಗ್ದಾಳ ಚಿತ್ರಗಳು ಚೆದುರಿಹೋದವು. ಎಪ್ಪತ್ತು ವರ್ಷ ಅವಳ ಹೆಸರು ಬಲ್ಲವರೇ ಕಮ್ಮಿ.

ನಮ್ಮ ಅಣ್ಣನ ಕೊನೆಯೂ ಇದರಿಂದ ಬಹಳ ದೂರವಿಲ್ಲ. ಅವನನ್ನ ಯಾರೂ ದೇಶ ಬಿಟ್ಟು ಓಡಿಸಲಿಲ್ಲ. ಅವನನ್ನ ಓಡಿಸಿದ್ದು ಫ್ಲೆಕ್ಸು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆಲ್ಲ ಹಾಸನದ ಬೀದಿ ಬೀದಿಯಲ್ಲಿ ಫ್ಲೆಕ್ಸ್ ಅಂಗಡಿಗಳಾದವು. ಒಂದು ದಿನದ ಕೆಲಸ ಹತ್ತು ನಿಮಿಷಕ್ಕೆ ಬಂತು. ಅಂಗಡಿಯವರು ಅವನ ಬೋರ್ಡು ಕಿತ್ತು ಫ್ಲೆಕ್ಸು ಬಿಗಿದರು. ಪಾರ್ಟಿಯವರು ಗೋಡೆ ಬರೆಸೋದು ಬಿಟ್ಟರು. ನಾಟಕದವರು ಪರದೆಯನ್ನ ಬಾಡಿಗೆಗೆ ತಂದರು. ಬಣ್ಣದ ಹೊಗೆ ಕುಡಿದ ಎದೆ ಕೆಮ್ಮತೊಡಗಿತು. ಸಾಯುವ ಮುಂಚಿನ ವರ್ಷ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ಒಂದು ಅಂಗಡಿಯ ನೆತ್ತಿ ತೋರಿಸಿದ. ಫ್ಲೆಕ್ಸ್ ಹರಿದು ಜೋತಾಡ್ತಾ ಇತ್ತು, ಅದರ ಹಿಂದೆ ಅವನು 1982ರಲ್ಲಿ ಬರೆದ ಅಕ್ಷರ ಕೆಂಪಗೆ ಕಾಣ್ತಿತ್ತು. “ನೋಡ್ಲಾ, ಒಳಗೇ ಅವ್ನೆ” ಅಂದ. ತನ್ನ ಬಗ್ಗೆ ಅಂದನೋ ಅಕ್ಷರದ ಬಗ್ಗೆ ಅಂದನೋ ನಮಗೆ ತಿಳಿಯಲಿಲ್ಲ.

ಅವನು ಬರೆದ ಬಾಬಾಸಾಹೇಬರು ಇನ್ನೂ ಕೆಲವು ಕೇರಿಗಳಲ್ಲಿದ್ದಾರೆ. ಕೆಲವು ಕಡೆ ಸಿಮೆಂಟಿನ ವಿಗ್ರಹ ಬಂದು ಗೋಡೆ ಚಿತ್ರ ಹಿಂದೆ ಸರಿದಿದೆ. ಇರಲಿ, ಅದಕ್ಕೆ ನಮಗೆ ಬೇಜಾರಿಲ್ಲ. ಆದರೆ ಒಂದು ಮಾತು ನಮ್ಮ ಸಂಗಾತಿಗಳಿಗೆ ಹೇಳಲೇಬೇಕು. ನಾವು ಬಾಬಾಸಾಹೇಬರ ಮುಖವನ್ನ ಕೇರಿ ಕೇರಿಗೂ ಬರೆದೆವು, ಬರೆಯಲೇಬೇಕಿತ್ತು. ಆ ಮುಖಕ್ಕೆ ಸಗಣಿ ಬಿದ್ದಾಗ ತೊಳೆದವಳ ಮುಖವನ್ನ ಮಾತ್ರ ಬರೆಯಲಿಲ್ಲ. ನಮ್ಮ ಹಾಡಿನಲ್ಲಿ ಅವ್ವ ಇದ್ದಳು, ನಮ್ಮ ಕವಿತೆಯಲ್ಲಿ ಅವ್ವ ಇದ್ದಳು. ಮನೆಯ ಒಲೆ ಮುಂದೆ ಕೂತು ಒಂದಪ ಬರೀತೀಯೇನ್ಲಾ ಅಂದ ಅವ್ವನಿಗೆ ನಾಳೆ ಅಂದೆವು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಬಸವೇಶ್ವರ ಗುಡಿಯೊಳಗೆ ಕಾಲಿಟ್ಟರು, ಅದಕ್ಕೆ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹೊಸಿಲು ದಾಟಿದ್ದು ಆ ಹೆಂಗಸರು. ಸುದ್ದಿ ಹಳೆಯದಾಯ್ತು. ಅವರ ಮುಖ ಯಾವ ಗೋಡೆ ಮೇಲಿದೆ?

ಅಣ್ಣನ ಮಗಳು ಹಾಸನದಲ್ಲಿ ಚಿತ್ರ ಕಲಿತಾ ಇದಾಳೆ. ಅಣ್ಣ ಇದ್ದಾಗ ಬೇಡ ಅಂದಿದ್ದ, ಹೊಟ್ಟೆಗಿಲ್ಲದ ಕೆಲಸ ಅಂತ. ಅವಳು ಕೇಳಲಿಲ್ಲ. ಮಗ್ದಾಳ ಕತೆ ಮುಗಿದ ಮೇಲೆ ನಾವು ಮೂವರೂ ಹೋಗಿ ಅವಳ ಮುಂದೆ ಕೂತೆವು. ನಿಮ್ಮಜ್ಜೀದು ಒಂದು ಚಿತ್ರ ಬರಕೊಡವ್ವ, ನಾವು ಹೇಳ್ತೀವಿ, ನೀನು ಬರಿ ಅಂದೆವು. ಅವಳು ಪೆನ್ಸಿಲ್ ತಗೊಂಡಳು. ಒಬ್ಬ ದುಂಡು ಮುಖ ಅಂದ. ಇನ್ನೊಬ್ಬ ಅಲ್ಲ, ಕೋಲು ಮುಖ ಅಂದ. ಮೂರನೆಯವನು ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇತ್ತು ಅಂದ. ಅದು ಅವ್ವನಿಗಲ್ಲ, ಅತ್ತೆಗೆ ಅಂತ ಜಗಳವಾಯ್ತು. ನಾವು ಅವಳನ್ನ ಎಷ್ಟು ನೋಡಿದ್ದೆವು ಅನ್ನೋದು ಆ ಅರ್ಧ ಗಂಟೆಯಲ್ಲಿ ಬಯಲಾಯ್ತು. ಅವಳ ಕೈ ನೆನಪಿತ್ತು, ಅವಳ ಬೆನ್ನು ನೆನಪಿತ್ತು. ಬಗ್ಗಿದ ಹೆಂಗಸಿನ ಮುಖ ನೋಡಬೇಕಂದ್ರೆ ನಾವೂ ಬಗ್ಗಬೇಕಿತ್ತು.

ಹುಡುಗಿ ಪೆನ್ಸಿಲ್ ಕೆಳಗಿಟ್ಟಳು. “ನಾನು ಅಜ್ಜೀನ ನೋಡಿಲ್ಲ, ಚಿಕ್ಕಪ್ಪ. ನೋಡ್ದೇ ಇರೋರ್ನ ನಾನು ಬರೆಯಲ್ಲ” ಅಂದಳು. ನಮಗೆ ಬೇಜಾರಾಯ್ತು. ಆದರೆ ಅವಳು ಹೇಳಿದ್ದು ಸರಿ ಅಂತ ಎದ್ದು ಬರುವಾಗ ಅನ್ನಿಸಿತು.

ಹೋದ ತಿಂಗಳು ಮತ್ತೆ ಹೋದಾಗ ಅವಳ ಮೇಜಿನ ಮೇಲೆ ಒಂದು ಚಿತ್ರವಿತ್ತು. ಅವಳ ಅವ್ವ, ಅಂದ್ರೆ ನಮ್ಮ ಅತ್ತಿಗೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಸ್ಸಿಳಿದು ಬಂದು, ಊಟದ ಡಬ್ಬಿ ಪಕ್ಕಕ್ಕಿಟ್ಟು ಹೊಸಿಲ ಮೇಲೆ ಕೂತಿದ್ದಾಳೆ. ಬೆರಳಿಗೆ ಸೂಜಿ ಚುಚ್ಚಿದ ಗಾಯಕ್ಕೆ ಬಟ್ಟೆ ಸುತ್ತಿದ್ದಾಳೆ. ಕಣ್ಣು ನೇರವಾಗಿ ನೋಡುವವರ ಕಡೆಗೇ ಇದೆ. ಕೆಳಗೆ ಹುಡುಗಿ ತನ್ನ ಹೆಸರು ಸಣ್ಣದಾಗಿ ಬರೆದಿದ್ದಾಳೆ. ಅದರ ಮೇಲೆ, ಅಣ್ಣ ಅಂಗಡಿ ಬೋರ್ಡಿಗೆ ಬರೀತಿದ್ದ ಹಾಗೇ ದಪ್ಪ ಕೆಂಪು ಅಕ್ಷರದಲ್ಲಿ, ಅವಳ ಅವ್ವನ ಹೆಸರಿದೆ.

ಅತ್ತಿಗೆ ಅದನ್ನ ನೋಡಿ, “ನಾನು ಇಷ್ಟು ಮುದುಕಿ ಆಗಿದ್ದೀನೇನ್ರೋ?” ಅಂತ ಕೇಳಿದಳು. ಯಾರೂ ಮಾತಾಡಲಿಲ್ಲ. ಆ ಚಿತ್ರ ಈಗ ನಡುಮನೆ ಗೋಡೆ ಮೇಲಿದೆ. ಬರುವ ಉಗಾದಿಗೆ ಸುಣ್ಣ ಬಳಿಯುವಾಗ ಅದನ್ನ ಇಳಿಸಿ, ಬಳಿದು, ಮತ್ತೆ ಅಲ್ಲೇ ತೂಗುಹಾಕ್ತೀವಿ.